ಆರನೇ ಒಂದು ಪಾಲಿನ ಟೋನಿ ಸ್ಟಾರ್ಕ್

ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಕಂಪನಿ ಐರನ್ ಮ್ಯಾನ್ ಅರ್ಥಾತ್ ಟೋನಿ ಸ್ಟಾರ್ಕ್‌ನ ಕೆಂಪು-ಹೊಂಬಣ್ಣದ ‘ಮಾರ್ಕ್ 3’ ಕವಚವನ್ನು ಮೊದಲು ಮಾಡಿದ್ದು 2008ರ ಚಿತ್ರದ ಹೊತ್ತಿಗೆ, ಪ್ಲಾಸ್ಟಿಕ್‌ನಲ್ಲಿ. ಕೆಲವು ವರ್ಷ ಬಿಟ್ಟು ಅದೇ ಕವಚ ಡೈಕಾಸ್ಟ್ ಲೋಹದ ಭಾಗಗಳೊಂದಿಗೆ ಬಂತು. ಆಮೇಲೆ ‘2.0’ ಎಂಬ ಬಾಲ ಅಂಟಿಸಿಕೊಂಡು ಇನ್ನೊಂದು ಸಲ ಬಂತು. ಒಂದೇ ಚಿತ್ರ, ಒಂದೇ ಕವಚ, ಮೂರು ಪೆಟ್ಟಿಗೆ. ಮೂರನ್ನೂ ಕೊಳ್ಳುವವರಿದ್ದಾರೆ. ಏಕೆ ಕೊಳ್ಳುತ್ತಾರೆ ಎಂಬುದೇ ಇಲ್ಲಿ ಇಬ್ಬರ ನಡುವೆ ನಡೆದ ವಾದ.

ಒಬ್ಬರು ಪೀಣ್ಯದ ಟೂಲ್‌ರೂಮ್‌ಗಳಲ್ಲಿ ಇಂಜೆಕ್ಷನ್ ಮೌಲ್ಡ್ ಮಾಡುತ್ತಲೇ ನಿವೃತ್ತರಾದವರು. ಮೈಕ್ರಾನ್ ಲೆಕ್ಕದ ಮನುಷ್ಯ. ಇನ್ನೊಬ್ಬಳು ಅವರ ಅಕ್ಕನ ಮಗಳು, ಬೆಂಗಳೂರಿನ ಒಂದು ವಿಎಫ್‌ಎಕ್ಸ್ ಸ್ಟುಡಿಯೋದಲ್ಲಿ ತ್ರೀಡಿ ಮಾಡೆಲರ್. ಅವಳ ಸಂಬಳದಲ್ಲಿ ಉಳಿದದ್ದೆಲ್ಲ ಗಾಜಿನ ಬೀರುವಿಗೆ ಹೋಗುತ್ತದೆ ಎಂದು ಮನೆಯಲ್ಲಿ ದೂರು. ಆ ಬೀರುವಿನ ಮುಂದೆ ಕುರ್ಚಿ ಎಳೆದುಕೊಂಡು ಮಾವ ಮಾತು ತೆಗೆದರು.

“ಇವೆಲ್ಲ ಒಂದು ಅಡಿ ಬೊಂಬೆಗಳು ತಾನೆ?”

“ಒಂದು ಅಡಿ ಅನ್ನೋದು ಅಂಗಡಿಯವರ ಲೆಕ್ಕ ಮಾವ. ಸರಿಯಾದ ಲೆಕ್ಕ ಆರನೇ ಒಂದು. ಮನುಷ್ಯನ ಒಂದು ಅಡಿಗೆ ಬೊಂಬೆಯಲ್ಲಿ ಎರಡು ಇಂಚು. ಆರಡಿ ಆಳಾದ್ರೆ ಹನ್ನೆರಡು ಇಂಚು, ಐದೂಮುಕ್ಕಾಲು ಅಡಿಯವನಾದ್ರೆ ಹನ್ನೊಂದೂವರೆ.”

“ಹಾಗಾದ್ರೆ ಕೆಳಗಿನ ಸಾಲಿನ ಈ ಸಣ್ಣವು ಹನ್ನೆರಡನೇ ಒಂದು. ಅಡಿಗೆ ಇಂಚು.”

“ಹೂಂ. ಬಂಡಾಯ್‌ನವರ ಎಸ್.ಎಚ್. ಫಿಗುಆರ್ಟ್ಸ್, ಮೆಡಿಕಾಮ್‌ನವರ ಮಾಫೆಕ್ಸ್, ಹ್ಯಾಸ್‌ಬ್ರೋದವರ ಮಾರ್ವೆಲ್ ಲೆಜೆಂಡ್ಸ್ ಎಲ್ಲ ಹೆಚ್ಚುಕಮ್ಮಿ ಅದೇ.”

ಅಡಿಗೆ ಇಂಚು ಎಂಬ ಈ ಲೆಕ್ಕ ಸೂಪರ್‌ಹೀರೋಗಳಿಗಿಂತ ಹಳೆಯದು. ನಮ್ಮ ಹೊಸದಿಲ್ಲಿಯನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್ 1920ರ ದಶಕದಲ್ಲಿ ರಾಣಿ ಮೇರಿಗೆ ವಿನ್ಯಾಸ ಮಾಡಿಕೊಟ್ಟ ಬೊಂಬೆಮನೆ ಈಗಲೂ ವಿಂಡ್ಸರ್ ಕೋಟೆಯಲ್ಲಿದೆ. ಅದೂ ಹನ್ನೆರಡನೇ ಒಂದು. ಆರನೇ ಒಂದು ಅಳತೆಯನ್ನು ಹುಡುಗರ ಆಟದ ಸಾಮಾನಿಗೆ ತಂದದ್ದು 1964ರಲ್ಲಿ ಹ್ಯಾಸ್‌ಬ್ರೋ ಬಿಟ್ಟ ಜಿ.ಐ. ಜೋ ಸೈನಿಕ. ಹುಡುಗರು ‘ಡಾಲ್’ ಎಂದರೆ ಮೂಗು ಮುರಿಯುತ್ತಾರೆಂದು ‘ಆ್ಯಕ್ಷನ್ ಫಿಗರ್’ ಎಂಬ ಹೆಸರು ಕಟ್ಟಿದ್ದೂ ಆಗಲೇ. ಆ ಮುಂದಿನ ದಶಕದಲ್ಲಿ ಮೀಗೋ ಕಂಪನಿ ಎಂಟು ಇಂಚಿಗೆ ಇಳಿಯಿತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಇಬ್ಬರಿಗೂ ಬಟ್ಟೆಯ ಕೆಳಗೆ ಒಂದೇ ದೇಹ. ಹಲ್ಕ್ ಕೂಡ ಎಂಟೇ ಇಂಚು! ಬಣ್ಣ ಹಸಿರಾದರೆ ಸಾಕಿತ್ತು, ಗಾತ್ರವನ್ನು ಮಗುವಿನ ಕಲ್ಪನೆಗೆ ಬಿಟ್ಟಿದ್ದರು. ಕೆನ್ನರ್‌ನವರು 1978ರಲ್ಲಿ ಸ್ಟಾರ್ ವಾರ್ಸ್ ಬೊಂಬೆಗಳನ್ನು ಮೂರೂಮುಕ್ಕಾಲು ಇಂಚಿಗೆ ಇಳಿಸಿದ್ದಕ್ಕೆ ಕಾರಣ ಬೇರೆ. ದೊಡ್ಡ ಬೊಂಬೆ ಮಾಡಿದರೆ ಅದು ಕೂರುವ ಅಂತರಿಕ್ಷ ನೌಕೆ ಯಾರ ಮನೆಯ ಕಪಾಟಿಗೂ ಹಿಡಿಸುತ್ತಿರಲಿಲ್ಲ.

ಅಂದರೆ ಅಳತೆ ನಿರ್ಧರಿಸಿದ್ದು ಖರ್ಚು, ಕಪಾಟು, ಮಗುವಿನ ಕೈ. ಚಿತ್ರದಲ್ಲಿ ಕಂಡಷ್ಟೇ ಇರಬೇಕು ಎಂಬ ಹಟ ಬಂದದ್ದು ಆ ಮಕ್ಕಳು ದೊಡ್ಡವರಾಗಿ ಸ್ವಂತ ದುಡ್ಡಿನಲ್ಲಿ ಕೊಳ್ಳತೊಡಗಿದ ಮೇಲೆ. ಹಾಟ್ ಟಾಯ್ಸ್ ಶುರುವಾದದ್ದು 2000ದಲ್ಲಿ. ಮೊದಮೊದಲು ಸೈನಿಕರ ಬೊಂಬೆ ಮಾಡುತ್ತಿದ್ದ ಕಂಪನಿ ಅದು.

ಮಾವ ಮನೆಯಿಂದಲೇ ಸ್ಟೀಲ್ ರೂಲು, ಟ್ರೈ ಸ್ಕ್ವೇರ್ ತಂದಿದ್ದರು. ಥಾರ್‌ನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಬೆನ್ನಿಗೆ ರೂಲು ಹಿಡಿದು, ನೆತ್ತಿಯ ಮೇಲೆ ಸ್ಕ್ವೇರ್ ಮಲಗಿಸಿ ಅಳತೆ ಓದಿದರು. ಪಕ್ಕದಲ್ಲಿ ಕವಚ ತೊಟ್ಟ ಟೋನಿ ಸ್ಟಾರ್ಕ್‌ಗೂ ಅದೇ ಉಪಚಾರ. ಇಬ್ಬರೂ ಹತ್ತಿರ ಹತ್ತಿರ ಒಂದೇ ಎತ್ತರ ಬಂದರು.

“ಥಾರ್ ಆದ ಕ್ರಿಸ್ ಹೆಮ್ಸ್‌ವರ್ತ್ ಎಷ್ಟು ಎತ್ತರ?”

“ಸುಮಾರು 190 ಸೆಂಟಿಮೀಟರ್.”

“ಆರರಿಂದ ಭಾಗಿಸು. ಹತ್ತಿರ ಹತ್ತಿರ ಮೂವತ್ತೊಂದೂಮುಕ್ಕಾಲು. ಟೋನಿ ಆದ ಡೌನಿ?”

“174 ಇರ್ಬಹುದು.”

“ಇಪ್ಪತ್ತೊಂಬತ್ತು. ಇಬ್ಬರ ನಡುವೆ ಸುಮಾರು ಎರಡೂಮುಕ್ಕಾಲು ಸೆಂಟಿಮೀಟರ್ ವ್ಯತ್ಯಾಸ ಇರ್ಬೇಕು. ಇಲ್ಲಿ ಎಲ್ಲಿದೆ? ನಮ್ಮ ಟೂಲ್‌ರೂಮ್‌ನಲ್ಲಾಗಿದ್ರೆ ಈ ಪೀಸು ರಿಜೆಕ್ಟು.”

“ಅವನು ಕವಚ ಹಾಕ್ಕೊಂಡಿದ್ದಾನಲ್ಲ ಮಾವ! ಕೆಳಗೆ ಲೋಹದ ಬೂಟು, ಮೇಲೆ ಶಿರಸ್ತ್ರಾಣ. ಕಾಮಿಕ್ಸ್‌ನವರು ಕವಚದೊಳಗಿನ ಟೋನಿಗೆ ಆರೂವರೆ ಅಡಿ ಎತ್ತರ ಕೊಟ್ಟಿದ್ದಾರೆ. ಬರೀ ಸೂಟು-ಬೂಟಿನ ಟೋನಿ ಬೊಂಬೆ ತಂದು ಅಳೆದ್ರೆ ನಿಮ್ಮ ಲೆಕ್ಕ ಸರಿ. ಅದೂ ಪೂರ್ತಿ ಸರಿ ಅಲ್ಲ ಅನ್ನಿ. ಅವೆಂಜರ್ಸ್ ಶೂಟಿಂಗ್‌ನಲ್ಲಿ ಡೌನಿ ಎತ್ತರದ ಅಟ್ಟೆಯ ಬೂಟು ಹಾಕ್ಕೊಂಡಿದ್ದ ಫೋಟೋಗಳು ಹೊರಗೆ ಬಂದಿದ್ವು.”

“ಹಾಗಾದ್ರೆ ಅಳೀಬೇಕಾದ್ದು ಯಾರನ್ನ? ನಟನನ್ನೋ, ಅವನು ತೊಟ್ಟದ್ದನ್ನೋ, ಪರದೆ ಮೇಲೆ ಕಂಡದ್ದನ್ನೋ?”

ಇಡೀ ಹವ್ಯಾಸದ ಗಂಟು ಇರುವುದು ಈ ಪ್ರಶ್ನೆಯಲ್ಲೇ. ಅಭಿಮಾನಿಗಳು ‘ಸ್ಕೇಲ್ ತಪ್ಪಿದೆ’ ಎಂದು ಕೂಗಾಡುವಾಗ ಈ ಮೂರರಲ್ಲಿ ಯಾವುದರ ಸ್ಕೇಲು ಎಂದು ಹೇಳುವುದೇ ಇಲ್ಲ. ವುಲ್ವರೀನ್‌ನ ಪಾಡು ನೋಡಿ. ಕಾಮಿಕ್ಸ್‌ನಲ್ಲಿ ಅವನು ಐದಡಿ ಮೂರಿಂಚಿನ ಗಿಡ್ಡ. 2000ದ ‘ಎಕ್ಸ್-ಮೆನ್’ ಚಿತ್ರದಿಂದ ಅವನಾಗಿ ನಟಿಸುತ್ತ ಬಂದ ಹ್ಯೂ ಜಾಕ್‌ಮನ್ ಆರಡಿಗೂ ಮೇಲೆ. ಹನ್ನೆರಡನೇ ಒಂದು ಅಳತೆಯಲ್ಲಿ ಕಾಮಿಕ್ಸ್‌ನ ವುಲ್ವರೀನ್ ಐದೂಕಾಲು ಇಂಚು, ಚಿತ್ರದವನು ಆರಿಂಚಿಗೂ ಒಂದು ಕೂದಲು ಜಾಸ್ತಿ. ಎರಡೂ ಸರಿಯೇ. ಆದರೆ ಪಕ್ಕಪಕ್ಕ ನಿಲ್ಲಿಸಿದರೆ ತಂದೆ-ಮಗ. 2024ರ ‘ಡೆಡ್‌ಪೂಲ್ ಆ್ಯಂಡ್ ವುಲ್ವರೀನ್’ನಲ್ಲಿ ಇದೇ ವಿಷಯ ಇಟ್ಟುಕೊಂಡು ಒಂದು ತಮಾಷೆ ಮಾಡಿದ್ದಾರೆ.

ಅವಳು ತನ್ನ ಕೆಲಸದ ಕಡೆಯಿಂದ ಇನ್ನೂ ಕಷ್ಟದ ಉದಾಹರಣೆ ತೆಗೆದಳು. “ನಟ ಇದ್ದಾನೆ, ಬಟ್ಟೆ ಇದೆ ಅಂತಾದ್ರೂ ಹಿಡಿದು ಅಳೀಬಹುದು. ಬಟ್ಟೆಯೇ ಇಲ್ದಿದ್ರೆ? 2008ರ ಐರನ್ ಮ್ಯಾನ್‌ಗೆ ಸ್ಟ್ಯಾನ್ ವಿನ್‌ಸ್ಟನ್ ಸ್ಟುಡಿಯೋದವರು ನಿಜವಾದ ಕವಚ ಮಾಡಿದ್ರು. ತೊಟ್ಟುಕೊಂಡು ನಿಲ್ಲಬಹುದಿತ್ತು. ಹಾರೋದು, ಹೊಡೆದಾಡೋದೆಲ್ಲ ಐಎಲ್‌ಎಂ ಅನ್ನೋ ವಿಎಫ್‌ಎಕ್ಸ್ ಸ್ಟುಡಿಯೋದವರ ಕಂಪ್ಯೂಟರ್ ಕವಚ. ಆಮೇಲಾಮೇಲೆ ಡೌನಿ ಬರೀ ಎದೆ-ಭುಜದ ಭಾಗ ಹಾಕ್ಕೊಂಡ್ರೆ ಮಿಕ್ಕಿದ್ದು ನಮ್ಮಂಥವರು ತುಂಬ್ತಾ ಇದ್ವಿ. ‘ಎಂಡ್‌ಗೇಮ್’ನಲ್ಲಿ ಕಾಲಯಾನಕ್ಕೆ ಹೋಗುವಾಗ ಎಲ್ಲರೂ ಬಿಳಿ-ಕೆಂಪು ಸೂಟು ಹಾಕ್ಕೊಳ್ತಾರಲ್ಲ, ಅದನ್ನ ಯಾವ ನಟನೂ ಮೈಮೇಲೆ ಹಾಕಿಲ್ಲ. ಪೂರ್ತಿ ಕಂಪ್ಯೂಟರ್‌ದು.”

“ಬೊಂಬೆಯಲ್ಲಿ?”

“ಹಾಟ್ ಟಾಯ್ಸ್‌ನವರು ಅದನ್ನೇ ‘ಟೀಮ್ ಸೂಟ್’ ಅಂತ ಬಿಟ್ರು. ಬಟ್ಟೆ ಕತ್ತರಿಸಿ ಹೊಲಿದು.”

ಮಾವ ನಕ್ಕರು. “ಅಂದ್ರೆ ಆ ಸೂಟನ್ನ ಪ್ರಪಂಚದಲ್ಲಿ ಮೊದಲು ಹೊಲಿದವನು ಬೊಂಬೆ ಕಾರ್ಖಾನೆಯ ದರ್ಜಿ. ಮೂಲವೇ ಇಲ್ಲ, ನಕಲು ಮಾತ್ರ ಇದೆ. ಇದಕ್ಕೆ ಏನಂತ ಇನ್‌ಸ್ಪೆಕ್ಷನ್ ಮಾಡ್ತೀಯ?”

“ಪರದೆ ನೋಡಿ ಮಾಡ್ತೀವಿ. ಅದೂ ಮೋಸ ಮಾಡುತ್ತೆ. ಚಿತ್ರ ಬಿಡುಗಡೆ ಆಗೋಕೆ ತುಂಬ ಮೊದಲೇ ಬೊಂಬೆ ಕಂಪನಿಗಳಿಗೆ ರೇಖಾಚಿತ್ರ ಕೊಟ್ಟಿರ್ತಾರೆ. ಎಡಿಟಿಂಗ್‌ನಲ್ಲಿ ದೃಶ್ಯವೇ ಹಾರಿಹೋದ್ರೂ ಬೊಂಬೆ ಅಂಗಡಿಯಲ್ಲಿರುತ್ತೆ. ‘ಇನ್ಫಿನಿಟಿ ವಾರ್’ ಸಮಯದಲ್ಲಿ ಹಲ್ಕ್‌ಬಸ್ಟರ್ ಕವಚ ಒಡೆದುಕೊಂಡು ಹಲ್ಕ್ ಹೊರಗೆ ಬರೋ ಫಂಕೋ ಪಾಪ್ ಬೊಂಬೆ ಬಂತು. ಚಿತ್ರದಲ್ಲಿ ಆ ದೃಶ್ಯ ಇಲ್ಲ.”

ದೈತ್ಯರ ವಿಷಯದಲ್ಲಿ ಮಾತ್ರ ಮಾವನಿಗೆ ಹೆಚ್ಚು ತಕರಾರು ಉಳಿಯಲಿಲ್ಲ. 2012ರ ‘ಅವೆಂಜರ್ಸ್’ ಚಿತ್ರದ ಹಾಟ್ ಟಾಯ್ಸ್ ಹಲ್ಕ್ ಸುಮಾರು 42 ಸೆಂ.ಮೀ.; ಆರರಿಂದ ಗುಣಿಸಿದರೆ ಎಂಟೂಕಾಲು ಅಡಿ. ‘ಏಜ್ ಆಫ್ ಅಲ್ಟ್ರಾನ್’ನ ಹಲ್ಕ್‌ಬಸ್ಟರ್ ಸುಮಾರು 55 ಸೆಂ.ಮೀ., ಅಂದರೆ ಹನ್ನೊಂದು ಅಡಿಗೆ ಎರಡಿಂಚು ಕಡಿಮೆ. ಬೀರುವಿನ ಒಂದು ಹಲಗೆ ಕಿತ್ತರೆ ಮಾತ್ರ ಅದಕ್ಕೆ ಜಾಗ. ಸಣ್ಣ ಅಳತೆಯಲ್ಲಿ ಈ ಕಷ್ಟಕ್ಕೆ ಟಾಯ್ ಬಿಜ್ ಕಂಪನಿ ಜಾಣ ದಾರಿ ಹುಡುಕಿತ್ತು. ಮಾರ್ವೆಲ್ ಲೆಜೆಂಡ್ಸ್ ಸಾಲಿನ ಒಂದೊಂದು ಪೆಟ್ಟಿಗೆಯಲ್ಲೂ ದೈತ್ಯನ ಒಂದೊಂದು ಕೈಕಾಲು ಇಟ್ಟು, ಇಡೀ ಸಾಲು ಕೊಂಡವನಿಗೆ ಗ್ಯಾಲಕ್ಟಸ್ ಎಂಬ ಆ ದೈತ್ಯ ಸಿಗುವಂತೆ ಮಾಡಿತು. ಆಮೇಲೆ ಆ ಸಾಲು ಹ್ಯಾಸ್‌ಬ್ರೋ ಕೈಗೆ ಬಂದರೂ ಪದ್ಧತಿ ಮುಂದುವರಿಯಿತು. ಬೇಡದ ಐದು ಬೊಂಬೆಗಳನ್ನು ದೈತ್ಯನ ಆಸೆಗೆ ಕೊಂಡವರ ಸಂಖ್ಯೆ ಸಣ್ಣದಿರಲಾರದು.

“ಎತ್ತರ ಬಿಡು,” ಎಂದರು ಮಾವ. “ಇದನ್ನ ನೋಡು.” ಜೋಕರ್‌ನ ನೇರಳೆ ಕೋಟಿನ ಅಂಚನ್ನು ಭೂತಗನ್ನಡಿಯ ಕೆಳಗೆ ಹಿಡಿದಿದ್ದರು. “ನಮ್ಮ ಷರ್ಟಿನಲ್ಲಿ ಇಂಚಿಗೆ ಹತ್ತು-ಹನ್ನೆರಡು ಹೊಲಿಗೆ ಇರುತ್ತೆ. ಆರನೇ ಒಂದಕ್ಕೆ ಇಳಿಸಿದ್ರೆ ಇಂಚಿಗೆ ಅರವತ್ತು-ಎಪ್ಪತ್ತು ಬರ್ಬೇಕು. ಅಷ್ಟು ಹಾಕೋ ಯಂತ್ರ ಇಲ್ಲ. ಹಾಕಿದ್ರೂ ಸೂಜಿ ಚುಚ್ಚಿ ಚುಚ್ಚಿ ಬಟ್ಟೆ ಹರಿದುಹೋಗುತ್ತೆ. ಇದರಲ್ಲಿ ಇಪ್ಪತ್ತೈದು ಇದ್ರೆ ಹೆಚ್ಚು. ಇದನ್ನೇ ಹಿಗ್ಗಿಸಿ ನಿನ್ನ ನಟನಿಗೆ ತೊಡಿಸು, ಗೋಣಿಚೀಲ ಹೊಲಿದ ಹಾಗೆ ಕಾಣುತ್ತೆ.”

“ಒಪ್ಪಿದೆ. ಅದಕ್ಕೇ ಒಳ್ಳೆ ಕಂಪನಿಯವರು ಕಾಣೋ ಕಡೆ ಹೊಲಿಗೆ ಕಡಿಮೆ ಮಾಡಿ ಅಂಟಿಸ್ತಾರೆ. ನೂಲು ಸಣ್ಣ ಇರೋ ಬಟ್ಟೆ ಹುಡುಕ್ತಾರೆ. ಒಳಗಿನ ಅಂಗಿಯ ಷಟ್ಕೋನದ ಚಿತ್ತಾರ ನೋಡಿ, ಅದನ್ನ ಚಿಕ್ಕದು ಮಾಡಿಯೇ ಅಚ್ಚು ಹಾಕಿದ್ದಾರೆ. ಚಿತ್ತಾರ ಕುಗ್ಗುತ್ತೆ ಮಾವ, ದಾರ ಕುಗ್ಗಲ್ಲ.”

ಬ್ಯಾಟ್‌ಮ್ಯಾನ್‌ನ ನಿಲುವಂಗಿ ಇನ್ನೂ ದೊಡ್ಡ ತಲೆನೋವು. ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಚಿತ್ರಕ್ಕೆ ಲಿಂಡಿ ಹೆಮಿಂಗ್ ಅವರ ತಂಡ ಪ್ಯಾರಾಚೂಟ್ ನೈಲಾನಿನ ಮೇಲೆ ಸ್ಥಾಯಿ ವಿದ್ಯುತ್ತಿನಿಂದ ಸಣ್ಣ ನಾರು ಕೂರಿಸಿ, ಮಖಮಲ್ಲಿನಂತೆ ಜಾರುವ ಬಟ್ಟೆ ತಯಾರಿಸಿತ್ತು. ಅದೇ ಬಟ್ಟೆಯನ್ನು ಬೊಂಬೆಗೆ ತೊಡಿಸಿದರೆ ಜಾರುವುದಿಲ್ಲ. ಉದ್ದ ಆರನೇ ಒಂದಾದರೆ ತೂಕ ಇನ್ನೂರ ಹದಿನಾರನೇ ಒಂದಾಗಬೇಕು. ಗೆಲಿಲಿಯೋ 1638ರಲ್ಲೇ ಬರೆದಿಟ್ಟ ಲೆಕ್ಕ ಇದು. ಎಂಬತ್ತು ಕಿಲೋ ಮನುಷ್ಯ ಈ ಅಳತೆಯಲ್ಲಿ ಮುನ್ನೂರ ಎಪ್ಪತ್ತು ಗ್ರಾಂ. ತುಂಡು ಸಣ್ಣದಾದಷ್ಟೂ ಬಟ್ಟೆ ತನ್ನ ಭಾರಕ್ಕೆ ಬಾಗುವುದು ಕಡಿಮೆ, ಸೆಟೆದು ನಿಲ್ಲುವುದು ಜಾಸ್ತಿ. ಅದಕ್ಕೇ ನಿಲುವಂಗಿಯ ಅಂಚಿನಲ್ಲಿ ತಂತಿ ಹೊಲಿದು, ಕೊಳ್ಳುವವನೇ ಮಡಿಕೆ ಬಾಗಿಸಿಕೊಳ್ಳಲಿ ಎಂದು ಬಿಡುತ್ತಾರೆ. ಇದು ಸೋಮಾರಿತನ ಎನ್ನುವವರು ಒಂದು ಸಲ ಕರ್ಚೀಫಿನ ಎರಡು ತುದಿ ಹಿಡಿದು ಹೆಗಲ ಮೇಲೆ ಇಳಿಬಿಟ್ಟು ನೋಡಬಹುದು.

ಮಾತು ಮರುಬಿಡುಗಡೆಗೆ ಬಂದಾಗ ಮಾವನ ದನಿ ಬದಲಾಯಿತು. ಇದು ಅವರ ಇಲಾಖೆ.

“ಒಂದು ಪಿ-20 ಉಕ್ಕಿನ ಮೌಲ್ಡು ಲಕ್ಷಗಟ್ಟಲೆ ಶಾಟ್ ತಡೆಯುತ್ತೆ. ಇಂಥ ದುಬಾರಿ ಬೊಂಬೆ ಒಂದೊಂದೂ ಲಕ್ಷಗಟ್ಟಲೆ ಖರ್ಚಾಗಲ್ಲ. ಅಂದ್ರೆ ಮೌಲ್ಡು ಸವೆಯೋ ಮೊದಲೇ ಗಿರಾಕಿ ಮುಗೀತಾನೆ. ಆಗ ಮಾಲೀಕ ಏನು ಮಾಡ್ತಾನೆ? ಅದೇ ಮೌಲ್ಡಿನಲ್ಲಿ ಬೇರೆ ಬಣ್ಣದ ಸರಕು ತೆಗೀತಾನೆ.”

“ಮಾಡಿದ್ದಾರಲ್ಲ. ಡೈಕಾಸ್ಟ್ ಮಾರ್ಕ್ 3 ಬಂದ ಮೇಲೆ ಅದನ್ನೇ ಗಾಢ ಬಣ್ಣದಲ್ಲಿ ‘ಸ್ಟೆಲ್ತ್ ಮೋಡ್’ ಅಂತ ಬಿಟ್ರು. ಹ್ಯಾಸ್‌ಬ್ರೋದಲ್ಲಂತೂ ಒಂದು ದೇಹದ ಅಚ್ಚನ್ನ ಹತ್ತು ಪಾತ್ರಗಳಿಗೆ ಓಡಿಸ್ತಾರೆ. ನಾವು ಅದಕ್ಕೆ ‘ಬಕ್’ ಅಂತೀವಿ. ಹಾಟ್ ಟಾಯ್ಸ್‌ನಲ್ಲೂ ಬಟ್ಟೆ ಹಾಕಿದ ಎಷ್ಟೋ ಬೊಂಬೆಗಳ ಒಳಗೆ ಇರೋದು ಅವರದೇ ‘ಟ್ರೂಟೈಪ್’ ದೇಹ.”

“ಸರಿ, ಈಗ ಒಂದು ವಿಷಯ ಕೇಳು. ಬೊಂಬೆ ಗಿಡ್ಡ ಆಯ್ತು ಅಂತ ಜನ ಬೈದ್ರೆ ತಿದ್ದಬಹುದು. ಮೌಲ್ಡ್‌ನಲ್ಲಿ ಇನ್ನಷ್ಟು ಉಕ್ಕು ಕೊರೆದ್ರೆ ಪ್ಲಾಸ್ಟಿಕ್ ಭಾಗ ಅಷ್ಟು ದೊಡ್ಡದಾಗುತ್ತೆ. ಬೊಂಬೆ ಉದ್ದ ಆಯ್ತು, ತಲೆ ದಪ್ಪ ಆಯ್ತು ಅಂತ ಬೈದ್ರೆ ಕಷ್ಟ. ಕೊರೆದ ಉಕ್ಕನ್ನ ವಾಪಸ್ ತುಂಬಬೇಕು. ವೆಲ್ಡ್ ಮಾಡಿ ಮತ್ತೆ ಸ್ಪಾರ್ಕ್ ಹೊಡೆದು ಕೊರೀಬೇಕು, ಇಲ್ಲ ಇನ್ಸರ್ಟ್ ಕೂರಿಸ್ಬೇಕು. ಗೆರೆ ಕಾಣುತ್ತೆ. ಅದಕ್ಕೇ ನಾವು ಮೊದಲ ಟ್ರಯಲ್‌ಗೆ ಸ್ವಲ್ಪ ಉಕ್ಕು ಉಳಿಸಿಕೊಂಡೇ ಕತ್ತರಿಸೋದು. ಹಾಗಾಗಿ ನಿಮ್ಮವರು ‘2.0’ ಅಂದಾಗ ನಾನು ಕೇಳೋದು ಒಂದೇ. ಸೊಂಟದ ಕೆಳಗಿನ ಮೌಲ್ಡು ಹೊಸದೋ ಹಳೇದೋ?”

ಅವಳು ತಕ್ಷಣ ಉತ್ತರಿಸಲಿಲ್ಲ. ಆಮೇಲೆ ಹೇಳಿದ್ದು ಪ್ರಾಮಾಣಿಕವಾಗಿತ್ತು: ಬಹುಪಾಲು ಮರುಬಿಡುಗಡೆಗಳಲ್ಲಿ ಗಿರಾಕಿಯ ಕಣ್ಣು ಮೊದಲು ಹೋಗುವುದು ಮುಖಕ್ಕೆ, ಕಂಪನಿ ದುಡ್ಡು ಸುರಿಯುವುದೂ ಅಲ್ಲಿಗೇ. ಇದಕ್ಕೆ ಕಾರಣವಿದೆ. ಎತ್ತರದಲ್ಲಿ ಮೂರು ಮಿಲಿಮೀಟರ್ ತಪ್ಪಿದರೆ ರೂಲು ಹಿಡಿದವರಿಗೆ ಮಾತ್ರ ಗೊತ್ತಾಗುತ್ತದೆ, ತುಟಿಯ ಕೊನೆ ಅರ್ಧ ಮಿಲಿಮೀಟರ್ ತಪ್ಪಿದರೆ ರಸ್ತೆಯಲ್ಲಿ ಹೋಗುವವನೂ ‘ಇದು ಯಾರು?’ ಎನ್ನುತ್ತಾನೆ.

‘ದ ಡಾರ್ಕ್ ನೈಟ್’ನ ಜೋಕರ್ ಇದಕ್ಕೆ ಸಾಕ್ಷಿ. ಹೀತ್ ಲೆಡ್ಜರ್ 2008ರ ಜನವರಿಯಲ್ಲಿ ತೀರಿಕೊಂಡರು, ಚಿತ್ರ ತೆರೆಕಂಡದ್ದು ಜುಲೈನಲ್ಲಿ. ಆ ವರ್ಷವೇ ಹಾಟ್ ಟಾಯ್ಸ್‌ನ ಮೊದಲ ಜೋಕರ್ ಬಂದ. 2009ರಲ್ಲಿ ‘ಡಿಎಕ್ಸ್’ ಎಂಬ ಹೊಸ ದುಬಾರಿ ಸಾಲನ್ನು ತೆರೆದದ್ದೇ ಅವನಿಂದ. ತಲೆಯೊಳಗೆ ಕೈಹಾಕಿ ಎರಡೂ ಕಣ್ಣುಗುಡ್ಡೆಗಳನ್ನು ಒಟ್ಟಿಗೆ ಹೊರಳಿಸುವ ಏರ್ಪಾಡು ಮೊದಲು ಬಂದದ್ದು ಅದರಲ್ಲಿ. ಕೆಲವು ವರ್ಷದ ಮೇಲೆ ಡಿಎಕ್ಸ್ 11, ‘ಜೋಕರ್ 2.0’. ಕೊರಿಯಾದ ಕಲಾವಿದರು ಕೆತ್ತಿ ಬಣ್ಣ ಹಾಕಿದ ಈ ತಲೆಗಳಲ್ಲಿ ಕಷ್ಟದ ಕೆಲಸ ಎಂದರೆ ಮೇಕಪ್ಪು. ಬಿಳಿ ಬಣ್ಣ ಹಣೆಯ ಸುಕ್ಕಿನಲ್ಲಿ ಬಿರುಕುಬಿಟ್ಟು ಒಳಗಿನ ಚರ್ಮ ಕಾಣಬೇಕು, ಕಣ್ಣಿನ ಸುತ್ತಲ ಕಪ್ಪು ಕೆನ್ನೆಗೆ ಇಳಿದಂತಿರಬೇಕು. ಬಣ್ಣ ಒಂದು ಪದರ ದಪ್ಪವಾದರೆ ಸರ್ಕಸ್ ಬಫೂನು!

“ನಿನ್ನ ಹತ್ರ ಎರಡು ಜೋಕರ್ ಇವೆಯಲ್ಲ.”

“ಹಳೇದರ ಜತೆ ಹೊಸದನ್ನ ಇಟ್ಟು ನೋಡಿ ಮಾವ. ಹಳೇದು ಲೆಡ್ಜರ್‌ನ ಹೋಲುತ್ತೆ. ಹೊಸದು ಲೆಡ್ಜರೇ. ಈಚೆಗೆ ಕ್ವೀನ್ ಸ್ಟುಡಿಯೋಸ್‌ನವರು ‘ಇನ್‌ಆರ್ಟ್’ ಹೆಸರಲ್ಲಿ ಒಂದೊಂದೇ ಕೂದಲು ನೆಟ್ಟ ತಲೆಯ ಜೋಕರ್ ಮಾಡಿದ್ರು. ಅದಾದ ಮೇಲೆ ಹಾಟ್ ಟಾಯ್ಸ್‌ನವರಿಗೂ ಸುಮ್ಮನೆ ಕೂರೋಕಾಗಲಿಲ್ಲ.”

“ಕೂದಲು ಆರನೇ ಒಂದು ದಪ್ಪ ಇದೆಯಾ?”

“ಮಾವ!”

ಸಣ್ಣ ಬೊಂಬೆಗಳಲ್ಲಿ ಸುಧಾರಣೆ ಬಂದದ್ದು ಕುಂಚದಿಂದಲ್ಲ, ಮುದ್ರಣದಿಂದ. ಕಾರ್ಖಾನೆಯ ಸಾಲಿನಲ್ಲಿ ಕೂತವರು ಎರಡು ಸೆಂಟಿಮೀಟರ್ ಮುಖಕ್ಕೆ ಹುಬ್ಬು, ಕಣ್ಣು ಬರೆಯುತ್ತಿದ್ದ ಕಾಲದಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ನೋಟ ಬದಲಾಗುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಪೆಟ್ಟಿಗೆ ತಿರುಗಿಸಿ ಮೆಳ್ಳೆಗಣ್ಣಿಲ್ಲದ್ದನ್ನು ಆರಿಸುವುದು ವಾಡಿಕೆ. ಕಳೆದ ದಶಕದ ಕೊನೆಯ ವರ್ಷಗಳಲ್ಲಿ ಬಂಡಾಯ್, ಹ್ಯಾಸ್‌ಬ್ರೋ ಎರಡೂ ನಟರ ಮುಖವನ್ನು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಲ್ಲಿ ನೇರವಾಗಿ ತಲೆಯ ಮೇಲೆ ಮುದ್ರಿಸತೊಡಗಿದವು. ಆ ಮೇಲೆ ಬಂದ ಎಷ್ಟೋ ಮರುಬಿಡುಗಡೆಗಳ ಗುಟ್ಟು ಇಷ್ಟೇ: ಹಳೆಯ ದೇಹ, ಹೊಸ ತಲೆ. ಅವಳ ಹತ್ತಿರ ಇರುವ ಹಳೆಯ ಆರಿಂಚಿನ ಬೊಂಬೆಗಳನ್ನು ಈ ಮುದ್ರಿತ ಮುಖದವುಗಳ ಪಕ್ಕ ಇಟ್ಟರೆ, ಪಾಪ, ಎಲ್ಲರಿಗೂ ಕಾಮಾಲೆ ಬಂದಂತಿದೆ.

ಮರುಬಿಡುಗಡೆಯ ಪರ ಇನ್ನೊಂದು ವಾದವಿದೆ, ಅದನ್ನು ತೆಗೆದದ್ದು ವಿಚಿತ್ರವೆಂದರೆ ಮಾವನೇ. “ಈ ಜಾಕೀಟು ನೋಡು, ಪುಡಿ ಉದುರ್ತಾ ಇದೆ.” ಚರ್ಮದಂತೆ ಕಾಣುವ ಪಾಲಿಯುರಿಥೇನ್ ಲೇಪದ ಬಟ್ಟೆ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಒಡೆದು ಸಿಪ್ಪೆ ಏಳುತ್ತದೆ, ಯಾರೂ ಮುಟ್ಟದಿದ್ದರೂ ಏಳುತ್ತದೆ. ಬೆಂಗಳೂರಿನಲ್ಲಿ ನಿಧಾನವಾಗಿ ಆಗುವುದು ಮಂಗಳೂರಿನ ಮಳೆಗಾಲದಲ್ಲಿ ಬೇಗ ಆಗುತ್ತದೆ. ಬರಿಮೈ ಕಾಣುವ ಬೊಂಬೆಗಳ ರಬ್ಬರ್ ಚರ್ಮ ಮೊಣಕೈ ಮಡಚಿಟ್ಟ ಕಡೆ ಸೀಳುತ್ತದೆ. ಎದೆಯಲ್ಲಿ ದೀಪ ಉರಿಯುವವುಗಳ ಬಟನ್ ಸೆಲ್ಲು ಸೋರಿದರೆ ತಗಡಿನ ಸಂಪರ್ಕವನ್ನು ತಿಂದುಹಾಕುತ್ತದೆ. ಪೆಟ್ಟಿಗೆ ಒಡೆಯದೆ ಇಟ್ಟರೆ ಬೆಲೆ ಏರುತ್ತದೆಂದು ನಂಬಿದವರಿಗೆ ಇದು ಕೆಟ್ಟ ಸುದ್ದಿ. ಹತ್ತು ವರ್ಷ ಬಿಟ್ಟು ತೆರೆದರೆ ಒಳಗೆ ಚಿಂದಿ ಸಿಗಬಹುದು. ಲೋಹ, ಎಬಿಎಸ್ ಪ್ಲಾಸ್ಟಿಕ್ ಎರಡೂ ಬಾಳುತ್ತವೆ; ಬಟ್ಟೆ, ರಬ್ಬರ್ ಬಾಳುವುದಿಲ್ಲ. ಆದ್ದರಿಂದ ಬ್ಯಾಟ್‌ಮ್ಯಾನ್‌ನಂಥ ರಬ್ಬರ್ ಸೂಟಿನವರು ಮತ್ತೆ ಬರುವುದರಲ್ಲಿ ಅರ್ಥವಿದೆ. ಐರನ್ ಮ್ಯಾನ್‌ಗೆ ಈ ನೆಪ ಸಲ್ಲುವುದಿಲ್ಲ.

“ಡೈಕಾಸ್ಟ್ ಬಂದದ್ದು ಸುಧಾರಣೆ ಅಲ್ವಾ ಹಾಗಾದ್ರೆ?” ಎಂದಳು.

“ಕೈಗೆ ತೂಕ ಬಂತು, ಅಷ್ಟೇ. ಸತುವಿನ ಮಿಶ್ರಲೋಹ ಅದು, ಎಬಿಎಸ್‌ಗಿಂತ ಆರು ಪಟ್ಟು ಭಾರ. ಭುಜದ ಕೀಲು ಸಡಿಲ ಆದ್ರೆ ಎತ್ತಿದ ಕೈ ತಾನೇ ಇಳಿಯುತ್ತೆ. ಅಳತೆ ಎಲ್ಲಿ ಬದಲಾಯ್ತು? ದುಡ್ಡು ಕೊಟ್ಟವನಿಗೆ ಏನೋ ಗಟ್ಟಿ ಸಾಮಾನು ತಂದೆ ಅನ್ನಿಸ್ಬೇಕಲ್ಲ, ಅದಕ್ಕೆ ಮಾಡಿದ್ದು.”

“ಅನ್ನಿಸೋದಕ್ಕೇ ಅಲ್ವಾ ಮಾವ ಇದೆಲ್ಲ ಇರೋದು.”

ಇಲ್ಲಿ ಅವಳದ್ದೇ ಮೇಲುಗೈ ಎನ್ನಬೇಕು. ಆದರೂ ಮಾವನ ಅಳತೆಗೋಲಿನಿಂದ ಆದ ಒಂದು ಉಪಕಾರವನ್ನು ಅವಳು ಅಲ್ಲಗಳೆಯಲಾರಳು. ಯಾರದೋ ಕೈಯಿಂದ ಕಡಿಮೆ ಬೆಲೆಗೆ ತಂದಿದ್ದ ಒಂದು ಆರಿಂಚಿನ ಬೊಂಬೆಯನ್ನು ಅವರು ಅಸಲಿಯ ಪಕ್ಕ ವರ್ನಿಯರ್‌ನಲ್ಲಿ ಅಳೆದರು. ತೊಡೆ, ಎದೆ, ತಲೆ ಎಲ್ಲ ನೂರಕ್ಕೆ ಒಂದೆರಡು ಪಾಲು ಸಣ್ಣ. “ನಕಲಿ” ಎಂದರು, ಬಣ್ಣವನ್ನು ನೋಡಲೇ ಇಲ್ಲ. ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗುತ್ತದೆ. ಎಬಿಎಸ್ ಆದರೆ ನೂರಕ್ಕೆ ಅರ್ಧ ಪಾಲು, ಮೆತ್ತನೆಯ ಪಿವಿಸಿ ಇನ್ನೂ ಹೆಚ್ಚು. ಅಸಲಿ ಮೌಲ್ಡ್ ಮಾಡುವವರು ಅಷ್ಟನ್ನು ಮೊದಲೇ ಸೇರಿಸಿ ದೊಡ್ಡದಾಗಿ ಕೊರೆಯುತ್ತಾರೆ. ನಕಲಿಯವನು ಕುಗ್ಗಿ ಮುಗಿದ ಬೊಂಬೆಯಿಂದಲೇ ಅಚ್ಚು ತೆಗೆಯುತ್ತಾನೆ. ಅವನದು ಇನ್ನೊಂದು ಸಲ ಕುಗ್ಗುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ದುಡ್ಡಿನ ಮಾತು ಬಾರದೆ ಇರಲಿಲ್ಲ. ಭಾರತ ಸರ್ಕಾರ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಚೀನಾದ ಅಗ್ಗದ ಮಕ್ಕಳ ಆಟಿಕೆಯನ್ನು ತಡೆಯಲು ತಂದ ಸುಂಕ; ಪೆಟ್ಟಿಗೆಯ ಮೇಲೆ ಸಣ್ಣ ಮಕ್ಕಳಿಗಲ್ಲ ಎಂದು ಅಚ್ಚಾಗಿರುವ ಈ ಬೊಂಬೆಗಳಿಗೂ ಅದೇ ಏಟು. ಹೊರದೇಶದಲ್ಲಿ ‘ಹೊಸದು ಬಂದಿದೆ, ಹಳೆಯದನ್ನು ಮಾರಿ ಮೇಲೆ ಸ್ವಲ್ಪ ಹಾಕಿ ಕೊಳ್ಳೋಣ’ ಎನ್ನುವವನ ಲೆಕ್ಕ ಬೆಂಗಳೂರಿನಲ್ಲಿ ನಡೆಯುವುದಿಲ್ಲ. 2.0 ಪ್ರಕಟವಾದ ದಿನವೇ ಹಳೆಯದರ ಬೆಲೆ ಇಳಿಯುತ್ತದೆ, ಹೊಸದರ ಮೇಲೆ ಸುಂಕ ಪೂರ್ತಿ ಕಟ್ಟಬೇಕು.

“ಹಾಗಿದ್ರೆ ಈ ಸಲ ಮಾರ್ಕ್ 3 ಬೇಡ?” ಎಂದರು ಮಾವ.

“ಬೇಡ. ಕವಚಕ್ಕೆ ಮುಖ ಇಲ್ಲ, ಹಳೇದೇ ಸಾಕು. ಜೋಕರ್ ಹೊಸದು ಬಂದ್ರೆ ಬಿಡಲ್ಲ.”

“ಅದಾದ್ರೂ ಲೆಕ್ಕ ಇಟ್ಟು ಮಾತಾಡಿದೆ.”

ಕಂಪನಿಗಳು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಪ್ರಚಾರದ ಹಾಳೆಯಲ್ಲಿ ‘ಸುಮಾರು 30 ಸೆಂ.ಮೀ.’, ‘ಹೊಸದಾಗಿ ಅಭಿವೃದ್ಧಿಪಡಿಸಿದ’ ಎಂಬ ಮಾತು ಎಲ್ಲ ಬೊಂಬೆಗೂ ಅಂಟಿಸುವ ಬದಲು, ತಲೆಯ ಅಚ್ಚು ಹೊಸದೋ, ದೇಹದ ಅಚ್ಚು ಹೊಸದೋ, ಎತ್ತರ ನಟನದೋ ಉಡುಪಿನದೋ ಎಂದು ಬಿಡಿಸಿ ಬರೆಯಬೇಕು. ಬರೆಯುವ ತನಕ ಕೊಳ್ಳುವವರೇ ಹುಷಾರಾಗಿರಬೇಕು. ಮುಂಗಡ ಕಟ್ಟುವ ಮುನ್ನ ಹಳೆಯದು-ಹೊಸದನ್ನು ಪಕ್ಕಪಕ್ಕ ರೂಲಿನ ಜೊತೆ ನಿಲ್ಲಿಸಿದ ಫೋಟೋ ಅಂಗಡಿಯವನಿಂದ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಮುಂಗಡ ಕಟ್ಟಬೇಡಿ.